ಹನುಮಕ್ಕ ಕಲಿಸಿದ ಕನ್ನಡ

"ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಾ ಮೇಡಂ!" ಎಂದು ಯಾರಾದರೂ ಹೊಗಳಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಯಶವಂತಪುರದಿಂದ ಪೀಣ್ಯಕ್ಕೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊದಲು ನನ್ನ ಮೂಗು ನೋಡಿದರು, ಆಮೇಲೆ ಕಣ್ಣು, ಆಮೇಲೆ ಕೊರಳಿನ ತಾಳಿ. ಮೂರಕ್ಕೂ ಹೊಂದಿಕೆಯಾಗದೆ, "ನೇಪಾಳಾನಾ?" ಎಂದರು. ಅಲ್ಲ, ಫಿಲಿಪ್ಪೀನ್ಸ್ ಎಂದೆ. "ಅದು ಅಸ್ಸಾಂ ಹತ್ರ ಬರುತ್ತಾ?" ಎಂದರು. ಸ್ವಲ್ಪ ಆಚೆ ಎಂದೆ. ಇಷ್ಟು ವರ್ಷದಲ್ಲಿ ನಾನು ಕಲಿತ ಒಂದು ವಿದ್ಯೆ ಇದು. ನಡುವೆ ಇರುವ ಸಮುದ್ರವನ್ನೆಲ್ಲ ಬಸ್ಸಿನಲ್ಲಿ ವಿವರಿಸುವುದಕ್ಕೆ ಹೋಗಬಾರದು, ನಮ್ಮ ಸ್ಟಾಪು ಬಂದುಬಿಡುತ್ತದೆ. ಆಮೇಲೆ ಆಕೆ ನನ್ನ ಕನ್ನಡವನ್ನು ಹೊಗಳಿದರು. ನಾನು ಕಿಟಕಿ ಕಡೆ ತಿರುಗಿಕೊಂಡೆ. ಪಾಪ, ಜಂಬದವಳು ಎಂದುಕೊಂಡಿರಬೇಕು.

ಜಂಬವಲ್ಲ. ನನ್ನ ಕನ್ನಡ ಒಂದು ಕಾಲದಲ್ಲಿ ಏನು ಮಾಡಿತೆಂದು ಆಕೆಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಹೇಳುತ್ತೇನೆ.

ನನ್ನ ಹೆಸರು ಲೂಸ್. ನಗಬೇಡಿ. ಮುನ್ನೂರು ವರ್ಷ ನಮ್ಮನ್ನು ಆಳಿದ ಸ್ಪೇನಿನವರ ಭಾಷೆಯಲ್ಲಿ ಹಾಗೆಂದರೆ ಬೆಳಕು. ನಮ್ಮ ದೇಶದಲ್ಲಿ ಬೀದಿಗೊಬ್ಬಳು ಲೂಸ್ ಇರುತ್ತಾಳೆ. ಬೆಂಗಳೂರಿನಲ್ಲೂ ಬೀದಿಗೊಬ್ಬರಿರುತ್ತಾರೆ, ಆದರೆ ಅವರನ್ನು ಬೇರೆ ಕಾರಣಕ್ಕೆ ಹಾಗೆ ಕರೆಯುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮಾವ ಪಕ್ಕದ ಮನೆಯವರಿಗೆ ನನ್ನನ್ನು ತೋರಿಸಿ, "ಇವಳು ಲೂಸ್, ನಮ್ಮ ದೊಡ್ಡ ಮಗನ ಹೆಂಡತಿ" ಎಂದರು. ಪಕ್ಕದ ಮನೆಯಾಕೆ "ಅಯ್ಯೋ ಪಾಪ, ಮದುವೆಗೆ ಮುಂಚೆ ಗೊತ್ತಾಗಲಿಲ್ವಾ?" ಎಂದು ನಿಜವಾದ ಮರುಕದಿಂದ ಕೇಳಿದರು. ಅಂದು ಸಂಜೆಯೇ ನಮ್ಮ ಅತ್ತೆ ನನಗೆ ಜ್ಯೋತಿ ಎಂದು ಹೆಸರಿಟ್ಟರು. ಅರ್ಥ ಅದೇ ಆದ್ದರಿಂದ ನನ್ನ ಅಮ್ಮ ಬೇಸರ ಮಾಡಿಕೊಳ್ಳಲಾರಳೆಂದು ನನಗೆ ನಾನೇ ಹೇಳಿಕೊಂಡೆ.

ನನ್ನ ಗಂಡ ಸತೀಶ ನನಗೆ ಸಿಕ್ಕಿದ್ದು ಸೌದಿಯ ದಮ್ಮಾಮಿನಲ್ಲಿ. ನಾನು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಇವರು ಒಂದು ಕಂಪನಿಯಲ್ಲಿ ಮೆಷಿನ್ ಕೆಲಸ ಮಾಡುತ್ತಿದ್ದರು. ಬೆರಳು ಜಜ್ಜಿಕೊಂಡು ಬಂದರು, ಬೆರಳು ವಾಸಿಯಾದ ಮೇಲೂ ಪಟ್ಟಿ ಬದಲಾಯಿಸಿಕೊಳ್ಳಲು ಬರುತ್ತಿದ್ದರು. ರಜೆಯಲ್ಲಿ ನಮ್ಮೂರಿಗೆ ಹೋಗಿ ಚರ್ಚಿನಲ್ಲಿ ಮದುವೆಯಾದೆವು. ಇವರ ಕಡೆಯವರು ಒಬ್ಬರೂ ಬರಲಿಲ್ಲ. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಸೌದಿ ಸಾಕೆಂದು ಹೊರಟು ಬಂದು, ಪೀಣ್ಯದಲ್ಲಿ ಒಂದು ಶೆಡ್ಡು ಹಿಡಿದು, ಎರಡು ಹಳೆಯ ಲೇತುಗಳನ್ನಿಟ್ಟುಕೊಂಡು ಇವರು ಸ್ವಂತ ಕೆಲಸ ಶುರು ಮಾಡಿದರು.

ಇವರ ಮನೆಯವರು ಜಾಲಹಳ್ಳಿಯಲ್ಲಿದ್ದರು. ಮಾವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ಅತ್ತೆ ಕೆಟ್ಟವರಲ್ಲ. ಒಂದು ದಿನವೂ ನನ್ನನ್ನು ಬೈದವರಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಅವರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ಹಾಗೆ. ಪ್ಲೀಸ್ ಕೂತುಕೊ, ಥ್ಯಾಂಕ್ಯೂ, ಕಾಫಿಗೆ ಸಕ್ಕರೆ ಸಾಕೇ. ಮೀನು ತಿಂದು ಬೆಳೆದ ಸೊಸೆ ಅಡುಗೆಮನೆಯ ಹೊಸ್ತಿಲು ದಾಟಿದಾಗ ಮಾತ್ರ ಅವರ ಇಂಗ್ಲಿಷ್ ಸ್ವಲ್ಪ ತಡವರಿಸುತ್ತಿತ್ತು. ಹಾಗಾಗಿ ನಾವು ಬೇರೆ ಮನೆ ಮಾಡಿದೆವು, ಪೀಣ್ಯದ ಕಾರ್ಖಾನೆಗಳ ಬೆನ್ನಿಗೇ ಅಂಟಿಕೊಂಡಿದ್ದ ಹಳ್ಳಿಯಲ್ಲಿ. ಮನೆಯ ಒಡತಿ ಹನುಮಕ್ಕ.

ಇಲ್ಲ, ಅವಳ ಬಾಯಲ್ಲಿ ಅವಳು ಅನುಮಕ್ಕ. ನಾನೂ ಬಹಳ ದಿನ ಹಾಗೇ ಕರೆಯುತ್ತಿದ್ದೆ. ಕನ್ನಡದಲ್ಲಿ ಹಕಾರವೆಂಬುದೊಂದು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಹನುಮಕ್ಕನ ಹೊಲದ ಮೇಲೆ ಈಗ ಯಾವುದೋ ಕಾರ್ಖಾನೆ ನಿಂತಿತ್ತು. ಉಳಿದ ಜಾಗದಲ್ಲಿ ಅವಳು ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು. ಅವಳ ಹೊಂಗೆಮರ ಕಾರ್ಖಾನೆಯ ಕಾಂಪೌಂಡಿನ ಒಳಗೆ ಸೇರಿಹೋಗಿತ್ತು. ಆದರೂ ಕಾಯಿ ಬೀಳುವ ಕಾಲಕ್ಕೆ ಅವಳು ಗೇಟಿನ ವಾಚ್‌ಮನ್ನಿಗೆ ಒಂದು ಮಾತೂ ಹೇಳದೆ ಒಳಗೆ ನಡೆದುಹೋಗಿ ಮಡಿಲು ತುಂಬ ಆರಿಸಿಕೊಂಡು ಬರುತ್ತಿದ್ದಳು. ಅವನು ಎದ್ದು ನಿಲ್ಲುತ್ತಿದ್ದ. ಶಿಫ್ಟಿನ ಸೈರನ್ನು ಕೂಗಿದರೆ ಅವಳ ಎಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿತ್ತು. ನಮ್ಮ ಮನೆಯ ಬಾಗಿಲಲ್ಲಿ ರಾಗಿಹುಲ್ಲಿನ ಧೂಳು, ಇವರ ಚಪ್ಪಲಿಯಲ್ಲಿ ಅಂಟಿಕೊಂಡು ಬಂದ ಕಬ್ಬಿಣದ ಸುರುಳಿ ಚೂರು, ಎರಡನ್ನೂ ಒಂದೇ ಪೊರಕೆಯಲ್ಲಿ ಗುಡಿಸುತ್ತಿದ್ದೆ.

ಹನುಮಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದೇ ನನ್ನ ಭಾಗ್ಯ. ಮೊದಲ ದಿನ "ನಿಮ್ಮೂರ್ ಯಾವ್ದು?" ಎಂದು ಕೈಸನ್ನೆ ಮಾಡಿ ಕೇಳಿದಳು. "ಇಲೊಯಿಲೊ" ಎಂದೆ, ಅದು ನಮ್ಮ ಪಟ್ಟಣದ ಹೆಸರು. ಅವಳು ಥಟ್ಟನೆ ಕೋಲು ಹಿಡಿದು, "ಇಲೀನಾ? ಎಲ್ಲೈತೆ ಇಲಿ?" ಎಂದು ನಮ್ಮ ಮನೆಯ ಮೂಲೆಮೂಲೆ ಕೆದಕಿದಳು. ಇಲಿಯೂ ಸಿಕ್ಕಿತು ಅನ್ನಿ. ಅಲ್ಲಿಂದ ನಮ್ಮ ಸ್ನೇಹ.

ಅವಳ ಬಾಯಿಂದ ನಾನು ಕನ್ನಡ ಕಲಿತೆ. ಇಂಗೆ, ಅಂಗೆ, ಓಗು, ಬಾ. ಒಂದು ಬೆಳಿಗ್ಗೆ ಇವರಿಗೆ ನನ್ನ ಹೊಸ ಕನ್ನಡದಲ್ಲಿ "ಆಲು ತಗೊಂಡ್ಬನ್ನಿ" ಎಂದೆ. ಸಂತೋಷದಿಂದ ಹೋಗಿ ಒಂದು ಚೀಲ ಆಲೂಗಡ್ಡೆ ತಂದರು. ಒಲೆಯ ಮೇಲೆ ಕಾಫಿಯ ನೀರು ಕುದಿದು ಆರಿಹೋಯಿತು. ಇನ್ನೊಂದು ಸಲ ಜಾಲಹಳ್ಳಿಯಲ್ಲಿ ಮಾವ ಏನೋ ಹೇಳಲು ಹೋಗಿ ತಡೆದರು. ನಾನು ವಿನಯದಿಂದ "ಏಳಿ ಮಾವ, ಏಳಿ" ಎಂದೆ. ಹೇಳಿ ಎನ್ನುವುದು ನನ್ನ ಉದ್ದೇಶ. ಅವರು ಗಾಬರಿಯಾಗಿ ಕುರ್ಚಿ ಬಿಟ್ಟು ಎದ್ದು ನಿಂತರು, ಏನು ತಪ್ಪು ಮಾಡಿದೆನೋ ಎಂಬ ಹಾಗೆ. ಇವರ ಶೆಡ್ಡಿನ ಕೆಲಸಗಾರರು ಮಾತುಮಾತಿಗೆ "ಗುರೂ, ಗುರೂ" ಎಂದುಕೊಳ್ಳುವುದನ್ನು ಕೇಳಿ, ಇಷ್ಟೊಂದು ಮೇಷ್ಟ್ರುಗಳು ಕೆಲಸ ಬಿಟ್ಟು ಲೇತಿಗೆ ಯಾಕೆ ಬಂದರು ಎಂದು ನಾನು ಮರುಗಿದ್ದೂ ಉಂಟು. ಫಿಲಿಪ್ಪೀನ್ಸಿನಲ್ಲಿ ಗುರೋ ಎಂದರೆ ಶಾಲೆಯ ಮೇಷ್ಟ್ರು.

ಇವೆಲ್ಲ ನಗುವ ಸಂಗತಿಗಳು. ಇನ್ನು ಮುಂದಿನದು ಅಲ್ಲ.

ನಮ್ಮ ಇಲೊಯಿಲೊದವರ ಮಾತು ಇಡೀ ದೇಶದಲ್ಲಿ ಮೆದುವಾದದ್ದೆಂದು ಹೆಸರು. ನಮ್ಮವರು ಜಗಳವಾಡಿದರೂ ಬೇರೆ ಊರಿನವರಿಗೆ ಜೋಗುಳದ ಹಾಗೆ ಕೇಳುತ್ತದಂತೆ. ಅಮ್ಮ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಬುಟ್ಟಿಗೆ ಮುತ್ತುವ ನೊಣಗಳನ್ನು ಬೈಯುವಾಗಲೂ ಅವಳ ದನಿ ಎಳೆದೆಳೆದು ರಾಗವಾಗುತ್ತಿತ್ತು. ನಮ್ಮ ಭಾಷೆಯಲ್ಲಿ ಒಂದು ಮಾತಿದೆ, ಪಲಂಗ್ಗಾ. ಪ್ರೀತಿಯ ಮಗುವೇ, ನನ್ನ ಮುದ್ದೇ ಎಂದೆಲ್ಲ ಸೇರಿಸಿದರೆ ಆಗುವ ಮಾತು. ಊಟಕ್ಕೆ ಕರೆಯುವಾಗ, ಜ್ವರ ಬಂದಾಗ, ತಲೆಗೆ ಮೊಟಕುವಾಗ ಅಮ್ಮ ಅನ್ನುತ್ತಿದ್ದುದು ಅದನ್ನೇ. ಬೆಂಗಳೂರಿನಲ್ಲಿ ಅದನ್ನು ಯಾರ ಮೇಲೆ ಖರ್ಚು ಮಾಡಲಿ? ಒಮ್ಮೆ ಇವರನ್ನು ಹಾಗೆ ಕರೆದದ್ದು ಹನುಮಕ್ಕನ ಕಿವಿಗೆ ಬಿದ್ದು, "ಪಲ್ಲಂಗ ಬೇಕಾ? ನಮ್ಮನೇಲಿ ಒಂದು ಅಳೇ ಮಂಚ ಐತೆ, ತಗಳಿ" ಎಂದಳು.

ಆದ್ದರಿಂದ ಕನ್ನಡದಲ್ಲಿ ಅದಕ್ಕೆ ಸಮನಾದ ಮಾತು ಯಾವುದೆಂದು ನಾನು ಕಾಯುತ್ತಿದ್ದೆ. ಯಾರನ್ನೂ ಕೇಳಲಿಲ್ಲ. ಅದು ತಾನಾಗಿಯೇ ಸಿಕ್ಕಿತು.

ಒಂದು ದಿನ ಹನುಮಕ್ಕ ನನಗೆ ರಾಗಿ ಮುದ್ದೆ ಕಟ್ಟುವುದನ್ನು ಕಲಿಸುತ್ತಿದ್ದಳು. ನಾನು ಬಿಸಿಗೆ ಕೈಹಾಕಿದೆ. ಅವಳು ನನ್ನ ಕೈಯನ್ನು ಎಳೆದುಕೊಂಡು ಉಫ್ ಉಫ್ ಎಂದು ಊದಿದಳು. "ಇಂಗಲ್ಲ ಕಣೇ, ನೀರ್ ಮುಟ್ಕಂಡು ಮುಟ್ಟು. ಮುಂಡೇದೇ, ಕೈ ಸುಟ್ಕಂಡ್ಯಲ್ಲೇ!" ಎಂದಳು. ಆ ಮುಂಡೇದೇ ಎಂಬ ಮಾತಿನ ಕೊನೆ ಎಳೆದ ರೀತಿ, ಊದುತ್ತಿದ್ದ ತುಟಿ, ಹಣೆಯ ಅಗಲ ಕುಂಕುಮದ ಕೆಳಗೆ ಗಂಟಿಕ್ಕಿದ ಹುಬ್ಬು, ಎಲ್ಲ ನನ್ನ ಅಮ್ಮನದೇ. ನಾನು ಅಲ್ಲೇ ಅತ್ತುಬಿಟ್ಟೆ. ಕೈ ಉರಿಗೆ ಅಳುತ್ತಿದ್ದಾಳೆ ಎಂದುಕೊಂಡು ಅವಳು ಇನ್ನೂ ನಾಲ್ಕು ಸಲ ಅದೇ ಮಾತು ಹೇಳಿ ಸಮಾಧಾನ ಮಾಡಿದಳು.

ಗಮನಿಸಿದೆ. ಅವಳು ಮೊಮ್ಮಗನಿಗೆ ಹಾಗನ್ನುತ್ತಿದ್ದಳು. ಹಾಲು ಕೊಡುವಾಗ ಕಾಲು ಝಾಡಿಸುವ ಎಮ್ಮೆಗೂ ಅನ್ನುತ್ತಿದ್ದಳು. ತನಗೆ ಸೇರದವರಿಗೆ ಎಂದೂ ಅನ್ನುತ್ತಿರಲಿಲ್ಲ. ಅವರಿಗೆ "ಬನ್ನಿ ಸಾಮಿ, ಕುಂತ್ಕಳಿ" ಎನ್ನುತ್ತಿದ್ದಳು. ನನಗಿನ್ನೇನು ಪುರಾವೆ ಬೇಕಿತ್ತು? ಆ ಮಾತನ್ನು ಒಡವೆಯ ಹಾಗೆ ತೆಗೆದಿಟ್ಟುಕೊಂಡೆ. ತಕ್ಕ ಮನುಷ್ಯರು ಸಿಕ್ಕಾಗ ಬಳಸಲು.

ನನ್ನ ನಾದಿನಿ ಸುಮಾಳನ್ನು ನೋಡಲು ಗಂಡಿನ ಕಡೆಯವರು ಜಾಲಹಳ್ಳಿಗೆ ಬಂದದ್ದು ಒಂದು ಭಾನುವಾರ. ಹುಡುಗ ಒಳ್ಳೆಯ ಕೆಲಸದಲ್ಲಿದ್ದವನು, ಸುಮಾಳಿಗೆ ಮನಸ್ಸಾಗಿತ್ತು. ಅತ್ತೆ ನನಗೆ ತಮ್ಮದೇ ರೇಷ್ಮೆ ಸೀರೆ ಉಡಿಸಿ, ಇಂಗ್ಲಿಷಿನಲ್ಲಿ, "ಜ್ಯೋತಿ, ನೀನು ಸುಮ್ಮನೆ ಮುಗುಳ್ನಗುತ್ತಿದ್ದರೆ ಸಾಕು" ಎಂದರು. ಒಳ್ಳೆಯ ಸಲಹೆ. ಅದನ್ನು ಪಾಲಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಹುಡುಗನ ತಾಯಿ ಜಾನಕಮ್ಮ ಸಣ್ಣ ಮೈಕಟ್ಟಿನವರು. ಮಾಸಲು ಬಣ್ಣದ ಸೀರೆ, ಬರಿ ಹಣೆ, ಬರಿ ಕೈ. ಅವರು ಯಾಕೆ ಹಾಗಿದ್ದಾರೆಂದು ನಾನು ಯೋಚಿಸಲಿಲ್ಲ. ಸರಳ ಜನ ಎಂದುಕೊಂಡೆ. ಎಲ್ಲರೂ ನಡುಮನೆಯಲ್ಲಿ ಕುರ್ಚಿಗಳ ಮೇಲಿದ್ದರೆ ಅವರು ಮೂಲೆಯ ಚಾಪೆಯ ಮೇಲೆ ಕೂತಿದ್ದರು. ನಾನು ಕೇಸರಿಬಾತು ತಂದುಕೊಟ್ಟಾಗ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲನೆ, "ನಿಮ್ಮೂರು ತುಂಬ ದೂರ ಅಲ್ವೇನಮ್ಮಾ? ತಾಯೀನ ನೋಡಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಆ ಮನೆಯಲ್ಲಿ ಅದುವರೆಗೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವರ ತಟ್ಟೆಗೆ ಇನ್ನೊಂದು ಚಮಚ ಕೇಸರಿಬಾತು ಹಾಕಲು ಹೋದೆ. ಅವರು ನಗುತ್ತಾ ಕೈ ಅಡ್ಡ ಹಿಡಿದರು. ಆಗ ನಾನು ನನ್ನ ಒಡವೆಯನ್ನು ತೆಗೆದೆ. ಇಡೀ ನಡುಮನೆಗೆ ಕೇಳುವ ಹಾಗೆ, ಹನುಮಕ್ಕನ ರಾಗದಲ್ಲೇ, "ಅಯ್ ತಿನ್ನೇ ಮುಂಡೇದೇ, ಒಟ್ಟೆ ತುಂಬ ತಿನ್ನು!" ಎಂದೆ.

ಮಾತು ನಿಂತಿತು. ಮಾವನ ಕೈಯ ಕಾಫಿ ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ಉಳಿಯಿತು. ಯಾರೂ ನನ್ನನ್ನು ನೋಡಲಿಲ್ಲ, ಎಲ್ಲರೂ ಜಾನಕಮ್ಮನನ್ನು ನೋಡಿದರು. ಅವರು ತಟ್ಟೆಯನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. "ಪರವಾಗಿಲ್ಲ, ಮಗು ಅದು" ಎಂದರು. ನಾನು ನಗುತ್ತಲೇ ಇದ್ದೆ. ಅತ್ತೆ ಹೇಳಿದ್ದರಲ್ಲ.

ಅವರು ಹೋದ ಮೇಲೆ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸುಮಾ ಅಳುತ್ತಿದ್ದಳು. ಇವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟು, ಅರ್ಧ ದಾರಿಯಲ್ಲಿ ರಸ್ತೆ ಬದಿಗೆ ನಿಲ್ಲಿಸಿದರು.

"ಲೂಸ್, ಆ ಮಾತು ಎಲ್ಲಿ ಕಲಿತೆ?"

"ಅನುಮಕ್ಕ ನನಗೆ ಅನ್ನೋದು. ಮುದ್ದಿಗೆ."

ಇವರು ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತರು. ಆಮೇಲೆ ಆ ಮಾತಿನ ಮೂಲ ಯಾವುದೆಂದು ಹೇಳಿದರು. ಗಂಡ ಸತ್ತವಳು. ಹಾಗೆಂದು ಹೇಳುವುದಲ್ಲ, ಬೈಯುವುದು. ಹಳ್ಳಿಯಲ್ಲಿ ಉಜ್ಜಿ ಉಜ್ಜಿ ಆ ಮಾತು ನುಣುಪಾಗಿದೆ, ಮಕ್ಕಳಿಗೆ ಅನ್ನುತ್ತಾರೆ. ಆದರೆ ಗಂಡ ಸತ್ತವರ ಎದುರು ಯಾರೂ ಅನ್ನುವುದಿಲ್ಲ.

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ಅಪ್ಪ ನಾನು ಶಾಲೆಯಲ್ಲಿದ್ದಾಗಲೇ ಬಿರುಗಾಳಿಯಲ್ಲಿ ದೋಣಿಯೊಡನೆ ಹೋದವನು. ಅಮ್ಮನನ್ನು ಇಲ್ಲಿಯವರು ಕಂಡರೆ ಅವಳಿಗೂ ಅದೇ ಮಾತು ಸಲ್ಲುತ್ತದೆ. ತುಮಕೂರು ರಸ್ತೆಯ ಲಾರಿಗಳು ಧೂಳೆಬ್ಬಿಸುತ್ತಾ ಹೋದವು. ಅತ್ತೆಯ ರೇಷ್ಮೆ ಸೀರೆಯ ತುಂಬ ಧೂಳಾಯಿತು. ಏಳುವಷ್ಟು ಧೈರ್ಯ ಬಂದಾಗ ಸಂಜೆಯಾಗಿತ್ತು.

ಅದಾದ ಮೇಲೆ ಗಂಡಿನ ಕಡೆಯಿಂದ ಸುದ್ದಿಯೇ ಇಲ್ಲ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಜಾಲಹಳ್ಳಿಗೆ ಹೋದರೆ ಸುಮಾ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅತ್ತೆ ಆಗಲೂ ಬೈಯಲಿಲ್ಲ. ಮಗನಿಗೆ ಕನ್ನಡದಲ್ಲಿ, "ಅವಳ ತಪ್ಪೇನಿದೆ? ಕಲಿಸಿದವರದು ತಪ್ಪು" ಎಂದರು. ಆ ವೇಳೆಗೆ ನನಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ನಾನು ಕನ್ನಡ ಬಿಟ್ಟುಬಿಟ್ಟೆ. ಅಂಗಡಿಗೆ ಹೋದರೆ ಬೇಳೆಯ ಕಡೆ, ಉಪ್ಪಿನ ಕಡೆ ಬೆರಳು ತೋರಿಸಿ ತರುತ್ತಿದ್ದೆ. ಅಂಗಡಿಯವನು, ಮೊನ್ನೆಯವರೆಗೂ ಚೆನ್ನಾಗಿದ್ದ ಹೆಂಗಸಿಗೆ ಏನಾಯಿತೆಂದು ಇವರನ್ನು ಕೇಳಿದನಂತೆ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಯಿತು. ಇವರು ಹನುಮಕ್ಕನಿಗೆ ಸಂಗತಿ ತಿಳಿಸಿದರು. ಕೋಪದಿಂದಲ್ಲ, ಸುಮ್ಮನೆ ತಿಳಿಸಿದರು. ಮರುದಿನ ಬೆಳಿಗ್ಗೆ ಅವಳು ಹಾಲಿನ ಚೊಂಬನ್ನು ನಮ್ಮ ಹೊಸ್ತಿಲ ಹೊರಗೇ ಇಟ್ಟು, "ಆಲು ಮಡಗಿವ್ನಿ, ತಗಳಿ ಮೇಡಂ" ಎಂದಳು.

ತಗಳಿ. ಮೇಡಂ. ಎಂದೂ ಹೊಸ್ತಿಲ ಆಚೆ ನಿಲ್ಲದವಳು. ನನ್ನ ಅಡುಗೆಯ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿ, ಮೂಗು ಮುರಿದು, ಆದರೂ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದವಳು. ಈಗ ನನಗೂ ಕಾರ್ಖಾನೆಯ ಸಾಹೇಬರಿಗೆ ಕೊಡುವ ಮರ್ಯಾದೆ ಕೊಟ್ಟಳು. ನಾನು ಒಳಗಿನಿಂದ "ಹನುಮಕ್ಕಾ" ಎಂದೆ. ಹಕಾರವನ್ನು ಸ್ಪಷ್ಟವಾಗಿ, ಜಾಲಹಳ್ಳಿಯವರ ಹಾಗೆ ಹೇಳಿದೆ. ಅವಳ ಮುಖ ಇನ್ನಷ್ಟು ಸಣ್ಣದಾಯಿತು.

ಹೀಗೇ ನಡೆಯಿತು. ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಬ್ಬದ ಸೀರೆಯುಟ್ಟು ಬಂದು ಅಂಗಳದಲ್ಲಿ ನಿಂತಳು.

"ನಡೀರಿ ಮೇಡಂ, ಆ ಅಮ್ನೋರ ಮನೆಗೆ ಓಗ್ಬರಾನ."

"ಬೇಡ ಹನುಮಕ್ಕ. ಏನು ಹೇಳೋದು?"

"ನೀವೇನೂ ಏಳ್ಬ್ಯಾಡಿ. ನಾನ್ ಏಳ್ತೀನಿ."

ಇವರಿಗೆ ಹೇಳದೆ ಹೊರಟೆವು. ಜಾನಕಮ್ಮನ ಮನೆ ಯಶವಂತಪುರದ ಒಂದು ಗಲ್ಲಿಯಲ್ಲಿತ್ತು. ಬಾಗಿಲು ತೆರೆದವರು ಅವರೇ. ನನ್ನನ್ನು ನೋಡಿ ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಕರೆದರು. ಹನುಮಕ್ಕ ಒಳಗೆ ಬಂದವಳೇ, ಕೂರದೆ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶುರು ಮಾಡಿದಳು.

"ಅಮ್ಮಾ, ಅವತ್ತು ಆ ಮಾತು ಈಯಮ್ಮಂದಲ್ಲ, ನಂದು. ನಾನು ದಿನಾ ಇವಳ್ಗೆ ಅಂತಿದ್ದೆ. ನಮ್ ಕಡೆ ಮಕ್ಳುಗೆ ಅನ್ನೋ ಮಾತು. ನಂಗೆ ಗಂಡ ಅವ್ನೆ ನೋಡಿ, ಅದ್ಕೆ ಆ ಮಾತು ನನ್ ಬಾಯಲ್ಲಿ ಅಗುರವಾಗೋಯ್ತು. ಅದು ಯಾರ್ಗೆ ಎಷ್ಟು ಭಾರ ಅಂತ ನಾನ್ ಯೋಚ್ನೆ ಮಾಡ್ಲಿಲ್ಲ. ಆ ಮಗೀನ ಮದ್ವೆ ನಿಲ್ಲಿಸ್ಬ್ಯಾಡಿ."

ಜಾನಕಮ್ಮ ಬೆರಗಾಗಿ ನೋಡಿದರು. "ಮದುವೆ ನಿಲ್ಸೋದಾ? ಯಾರು ಹೇಳಿದ್ದು? ನಮ್ಮ ಮೈದುನ ಊರಲ್ಲಿಲ್ಲ. ಒಪ್ಪಿಗೆ ಹೇಳಿ ಕಳಿಸಬೇಕಾದವರು ಅವರು. ನಾನು ಹೇಳಿ ಕಳಿಸಿದ್ರೆ ಚೆನ್ನಾಗಿರುತ್ತಾ? ಅದಕ್ಕೆ ಕಾಯ್ತಿದ್ದೀವಿ."

ನಾನೂ ಹನುಮಕ್ಕನೂ ಮುಖ ಮುಖ ನೋಡಿಕೊಂಡೆವು. ಎರಡು ಮನೆಗಳ ನಿದ್ದೆ ಕೆಡಿಸಿದ್ದು ಒಬ್ಬ ಮೈದುನನ ಪ್ರಯಾಣ. ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಜಾನಕಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಸುಳ್ಳು ಯಾಕೆ ಹೇಳಲಿ, ನೋವಾಯ್ತು" ಎಂದರು. "ನಿನ್ನ ಮಾತಿಗಲ್ಲಮ್ಮ. ನಿನ್ನ ದನೀಲೇ ಗೊತ್ತಾಯ್ತು, ನೀನು ಅಂದಿದ್ದು ಬೇರೆ ಏನೋ ಅಂತ. ಆದ್ರೆ ಅಷ್ಟೂ ಜನ ಒಟ್ಟಿಗೆ ನನ್ನ ಹಣೆ ನೋಡಿದ್ರು ನೋಡು, ಅದಕ್ಕೆ. ಮಗನೂ ನೋಡಿದ."

ಆಮೇಲೆ ನನ್ನ ಕಡೆ ತಿರುಗಿ, "ನೀನು ಏನು ಅನ್ನಬೇಕು ಅಂತಿದ್ದೆ?" ಎಂದು ಕೇಳಿದರು. ನನ್ನ ಮುರುಕು ಕನ್ನಡದಲ್ಲಿ ಅಮ್ಮನ ಮಾತಿನ ಬಗ್ಗೆ ಹೇಳಿದೆ. ಅಮ್ಮನ ಬಗ್ಗೆ ಹೇಳಿದೆ. ಅಪ್ಪ ಹೋದ ಮೇಲೆ ಒಂದು ವರ್ಷ ಕಪ್ಪು ಬಟ್ಟೆ ಹಾಕಿದ್ದಳು, ಆಮೇಲೆ ಅದನ್ನು ಮಡಿಸಿಟ್ಟು ಹೂವಿನ ಚಿತ್ರದ ಕೆಂಪು ಫ್ರಾಕು ಹಾಕಿಕೊಂಡು ಮೀನು ಮಾರಲು ಹೋದಳು, ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ತಾನೊಬ್ಬಳೇ ನನ್ನ ತೋಳು ಹಿಡಿದು ಚರ್ಚಿನ ನಡುವೆ ನಡೆಸಿಕೊಂಡು ಹೋಗಿ ಇವರ ಕೈಗೆ ಒಪ್ಪಿಸಿದಳು ಎಂದೆಲ್ಲ ಹೇಳಿದೆ.

"ಎಲ್ಲರ ಮುಂದೇನಾ?" ಎಂದರು ಜಾನಕಮ್ಮ.

"ಎಲ್ಲರ ಮುಂದೆ."

"ಯಾರೂ ಏನೂ ಅನ್ನಲಿಲ್ವಾ?"

"ಏನು ಅಂತಾರೆ? ಅವಳು ಅಮ್ಮ ಅಲ್ವಾ?"

ಅವರು ಎದ್ದು ಒಲೆ ಹಚ್ಚಿದರು. ಆಮೇಲೆ ಕಾಫಿ ಮಾಡಿಕೊಟ್ಟರು. ಹನುಮಕ್ಕ ಕುಡಿದ ಲೋಟವನ್ನು ತೊಳೆಯಲು ಎದ್ದಾಗ ಅದನ್ನು ಕೈಯಿಂದ ಕಿತ್ತುಕೊಂಡರು.

ವಾಪಸು ಬಂದು ಪೀಣ್ಯದಲ್ಲಿ ಬಸ್ಸಿನಿಂದ ಇಳಿಯುವಾಗ ನಾನು ಕೊಡೆಯನ್ನು ಸೀಟಿನಲ್ಲೇ ಬಿಟ್ಟೆ. ಹಿಂದಿನಿಂದ ಹನುಮಕ್ಕ "ಕೊಡೆ ತಗಳೇ!" ಎಂದು ಕೂಗಿದಳು. ಆ ಏಕಾರ ನನ್ನ ಕಿವಿಗೆ ಎಷ್ಟು ಹಿತವಾಯಿತೆಂದರೆ ಕೊಡೆ ಹೋದರೂ ಚಿಂತೆಯಿರಲಿಲ್ಲ. ಆದರೆ ಅದರ ಬೆನ್ನಿಗೆ ಬರಬೇಕಾಗಿದ್ದ ಮಾತನ್ನು ಅವಳು ನುಂಗಿಕೊಂಡಳು. ಮುಂದೆಯೂ ನುಂಗುತ್ತಲೇ ಇದ್ದಳು, ಎಮ್ಮೆಯ ಎದುರಲ್ಲೂ.

ಒಂದೆರಡು ತಿಂಗಳಲ್ಲಿ ಸುಮಾಳ ಮದುವೆಯಾಯಿತು. ರಾಜಾಜಿನಗರದ ಛತ್ರದಲ್ಲಿ. ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ನೀವು ಅಂದುಕೊಂಡರೆ ತಪ್ಪಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಆ ಕೇಸರಿಬಾತಿನ ಪ್ರಸಂಗವನ್ನು ಈಗ ಹಬ್ಬಹರಿದಿನದಲ್ಲಿ ಹೇಳಿ ನಗುತ್ತಾರೆ, ನಾನೂ ನಗುತ್ತೇನೆ. ಅದಕ್ಕಾಗಿ ನನ್ನ ಕಿವಿ ಅಷ್ಟೇನೂ ಬಿಸಿಯಾಗುವುದಿಲ್ಲ. ತಿಳಿಯದೆ ಆಡಿದ ಮಾತದು.

ಮುಹೂರ್ತಕ್ಕೆ ಸ್ವಲ್ಪ ಮುಂಚೆ ಅತ್ತೆ ನನ್ನ ಕೈಗೆ ಕಾಫಿ ಕೊಟ್ಟು ಗಂಡಿನ ಕಡೆಯವರ ಕೋಣೆಗೆ ಕಳಿಸಿದರು. ಕ್ಯಾಸೆಟ್ಟಿನಲ್ಲಿ ನಾದಸ್ವರ ಕೂಗುತ್ತಿತ್ತು. ಕೋಣೆ ಖಾಲಿ. ಜಾನಕಮ್ಮ ಒಬ್ಬರೇ ಚಾಪೆಯ ಮೇಲೆ ಕೂತಿದ್ದರು. ಸುತ್ತ ಹೆಂಗಸರ ಬ್ಯಾಗುಗಳು, ಚೀಲಗಳು, ಒಂದು ಮಗುವಿನ ಚಪ್ಪಲಿ. ಎಲ್ಲರೂ ತಮ್ಮ ತಮ್ಮ ವಸ್ತುಗಳನ್ನು ಅವರ ವಶಕ್ಕೆ ಒಪ್ಪಿಸಿ ಮಂಟಪದ ಹತ್ತಿರ ಹೋಗಿದ್ದರು. ಹುಡುಗನ ತಂದೆತಾಯಿಯ ಜಾಗದಲ್ಲಿ ಧಾರೆಗೆ ಅವರ ಮೈದುನನೂ ಮೈದುನನ ಹೆಂಡತಿಯೂ ಕೂತಿದ್ದರು.

"ನೀವು ಬರಲ್ವಾ?" ಎಂದು ಕೇಳಿದೆ.

"ಬ್ಯಾಗು ನೋಡ್ಕೋಬೇಕಲ್ಲ" ಎಂದರು.

ಹೊರಗೆ ಯಾರೋ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದರು. ಜಾನಕಮ್ಮ ನನ್ನ ಕೈಯಿಂದ ಲೋಟ ತೆಗೆದುಕೊಂಡು, "ನೀನು ಹೋಗು, ನಾದಿನಿ ಮದುವೆ, ನಿಲ್ಲಬೇಡ" ಎಂದರು.

ಆಗ ನನಗೆ ಸಾಕಷ್ಟು ಕನ್ನಡ ಬರುತ್ತಿತ್ತು. ಬನ್ನಿ, ನೀವೂ ಬನ್ನಿ, ಎನ್ನುವುದಕ್ಕೆ ಎಷ್ಟು ಕನ್ನಡ ಬೇಕು? ತೋಳು ಹಿಡಿದು ಎಬ್ಬಿಸುವುದಕ್ಕಂತೂ ಯಾವ ಭಾಷೆಯೂ ಬೇಡ. ಆ ಯೋಚನೆ ನನಗೆ ಬಂತು. ಬರಲಿಲ್ಲವೆಂದು ಹೇಳಲಾರೆ. ಅದರ ಜೊತೆಗೇ ಅತ್ತೆಯ ಮುಖವೂ ಕಣ್ಣ ಮುಂದೆ ಬಂತು, ಆ ನಡುಮನೆಯ ಮೌನವೂ ಬಂತು. ಈ ಜನರ ನಡುವೆ ಇನ್ನೊಂದು ತಪ್ಪು ಮಾಡಬಾರದು ಎಂದುಕೊಂಡೆ. ಹೋದೆ.

ಮಂಟಪದ ಸುತ್ತ ಗೋಡೆಯ ಹಾಗೆ ಜನ. ನಾನು ಕುಳ್ಳಿ. ಮುಂದಿದ್ದವರ ಬೆನ್ನು, ಹೂವು, ಜಡೆ, ಇಷ್ಟೇ ಕಂಡದ್ದು. ಪಕ್ಕದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದ ಹಾಗಾಗಿ ನಾನು ಬಗ್ಗಿ ನೆರಿಗೆ ಸರಿಮಾಡಿಕೊಂಡೆ. ಅಷ್ಟರಲ್ಲಿ ಎಲ್ಲರ ಕೈಯೂ ಮೇಲೆದ್ದು ಅಕ್ಷತೆ ಹಾರಿತು. ನಾನೂ ಕಂಡ ಕಡೆಗೆ ಎರಚಿದೆ.

ಕೋಣೆಗೆ ವಾಪಸು ಬಂದಾಗ ಜಾನಕಮ್ಮ ಹಾಗೇ ಕೂತಿದ್ದರು. ಕಾಫಿ ತಣ್ಣಗಾಗಿತ್ತು. ನನ್ನ ಕೂದಲಿಗೆ ಸಿಕ್ಕಿದ್ದ ಒಂದು ಅಕ್ಷತೆಯ ಕಾಳನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು.

"ಆಯ್ತಾ?"

"ಆಯ್ತು."

"ತಾಳಿ ಕಟ್ಟುವಾಗ ಅವನ ಕೈ ನಡುಗಿತಾ?"

ನಾನು ನೋಡಿರಲಿಲ್ಲ. "ಸ್ವಲ್ಪ ನಡುಗಿತು" ಎಂದೆ.

ಅವರ ಮುಖ ಅರಳಿತು. "ಅವರಪ್ಪನ ಕೈಯೂ ನಡುಗಿತ್ತು. ಮೂರನೇ ಗಂಟು ಹಾಕೋಕೆ ಆಗದೆ ನಮ್ಮತ್ತೆ ಸಹಾಯ ಮಾಡಬೇಕಾಯ್ತು. ಹೇಳು, ಹೇಳು. ಹುಡುಗಿ ತಲೆ ಬಗ್ಗಿಸಿದ್ಲಾ? ಇವನು ಅತ್ತನಾ? ಚಿಕ್ಕಂದಿನಲ್ಲಿ ಸುಮ್ಮಸುಮ್ಮನೆ ಅಳ್ತಿದ್ದ."

ನಾನು ಅವರ ಪಕ್ಕದಲ್ಲಿ, ಬ್ಯಾಗುಗಳ ನಡುವೆ ಕೂತೆ. ಹುಡುಗ ಹೇಗೆ ಬಗ್ಗಿದ, ಹೇಗೆ ಗಂಟು ಹಾಕಿದ, ಕಣ್ಣು ಹೇಗೆ ತುಂಬಿಕೊಂಡವು, ಎದ್ದು ನಿಂತಾಗ ಯಾರನ್ನೋ ಹುಡುಕುವವನ ಹಾಗೆ ಹೇಗೆ ಸುತ್ತಲೂ ನೋಡಿದ, ಎಲ್ಲವನ್ನೂ ಹೇಳುತ್ತಾ ಹೋದೆ. ಜಾನಕಮ್ಮ ಗೋಡೆಗೆ ಒರಗಿ ಕೇಳುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರು, ಹಾಗಾಗಿ ನನ್ನ ಮುಖ ಅವರಿಗೆ ಕಾಣಲಿಲ್ಲ.